ರೆಕಾರ್ಡ್ ಅಕ್ಕ ಬಿಡಿಸಿದ ಹೃದಯ

ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕುಳಿತು ಎರಡನೇ ಪಿಯುಸಿ ಮಕ್ಕಳ ರೆಕಾರ್ಡ್ ಪುಸ್ತಕಗಳನ್ನು ತಿದ್ದುತ್ತಿದ್ದೆ. ಮೇಜಿನ ಮೇಲೆ ಎರಡು ರಾಶಿ. ಒಂದೊಂದನ್ನೇ ತೆಗೆದು, ಚಿತ್ರ ನೋಡಿ, ಕೆಂಪು ಶಾಯಿಯಲ್ಲಿ ಸಹಿ ಹಾಕಿ ಪಕ್ಕಕ್ಕಿಡುತ್ತಿದ್ದೆ. ನಡುವೆ ಒಂದು ಪುಸ್ತಕ ತೆರೆದ ಕೂಡಲೇ ಒಗ್ಗರಣೆಯ ವಾಸನೆ ಬಂತು. ಸಾಸಿವೆ, ಕರಿಬೇವು, ಒಂದಿಷ್ಟು ಇಂಗು. ಯಾವುದೋ ಹುಡುಗಿ ಅಡುಗೆಮನೆಯಲ್ಲಿ ಕೂತು, ಒಲೆಯ ಮೇಲಿನ ಸಾರನ್ನೂ ನೋಡಿಕೊಳ್ಳುತ್ತಾ ಬರೆದಿದ್ದಳೇನೋ. ಪುಟದ ಅಂಚಿನಲ್ಲಿ ಎಣ್ಣೆಯ ಒಂದು ಸಣ್ಣ ಕಲೆಯೂ ಇತ್ತು.

ಪೆನ್ನು ಕೆಳಗಿಟ್ಟೆ. ಇಪ್ಪತ್ತು ವರ್ಷಗಳ ಹಿಂದೆ ಮೈಸೂರಿನ ಅಂಚಿನ ಹಿನಕಲ್‌ನಲ್ಲಿ, ನಮ್ಮ ಬೀದಿಯ ಕೊನೆಯ ಮನೆಯಿಂದ ಆಚೆ ಹೋಗುತ್ತಿದ್ದ ಪ್ರತಿಯೊಂದು ರೆಕಾರ್ಡಿಗೂ ಇದೇ ವಾಸನೆ ಇರುತ್ತಿತ್ತು...

ಆ ಮನೆಯಾಕೆಯನ್ನು ಬೀದಿಯವರೆಲ್ಲ ‘ರೆಕಾರ್ಡ್ ಅಕ್ಕ’ ಎಂದೇ ಕರೆಯುತ್ತಿದ್ದರು. ಆಕೆಯ ತವರು ಇಲವಾಲ. ಗಂಡ ಹೆಬ್ಬಾಳದ ಕಡೆ ಒಂದು ಕಾರ್ಖಾನೆಯಲ್ಲಿ ಯಂತ್ರ ನಡೆಸುತ್ತಿದ್ದರು. ಮನೆಯಲ್ಲಿ ಅತ್ತೆ ಇದ್ದರು. ಮಕ್ಕಳಿರಲಿಲ್ಲ. ಅಕ್ಕ ಎರಡನೇ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಗ ಮದುವೆ ಗೊತ್ತಾಗಿತ್ತು. ಇನ್ನೇನು ಪ್ರಾಯೋಗಿಕ ಪರೀಕ್ಷೆ ಅನ್ನುವ ವಾರದಲ್ಲೇ ಧಾರೆ. ರೆಕಾರ್ಡ್ ಪೂರ್ತಿಯಾಗಿ, ಸಹಿಯೂ ಬಿದ್ದಿತ್ತು. ಪರೀಕ್ಷೆಗೆ ಮಾತ್ರ ಹೋಗಲಿಲ್ಲ. ಆ ಪುಸ್ತಕವನ್ನು ಆಕೆ ಸೀರೆಗಳ ಜೊತೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ಗಂಡನ ಮನೆಗೆ ಬಂದಿದ್ದರಂತೆ. ಬೀದಿಯ ಒಬ್ಬ ಹುಡುಗಿ ಅದನ್ನು ನೋಡಿ, ‘ಅಕ್ಕ, ನಂದೂ ಹೀಗೇ ಬರ್ಕೊಡಿ’ ಎಂದು ಗೋಗರೆದಳು. ಬರೆದುಕೊಟ್ಟರು. ಮಾರನೆಯ ವರ್ಷ ಮೂರು ಜನ ಬಂದರು. ಆಮೇಲೆ ನಗರದ ನಾನಾ ಕಾಲೇಜುಗಳಿಂದ ಬರತೊಡಗಿದರು.

ರೆಕಾರ್ಡ್ ಒಂದೇ ಅಲ್ಲ. ಬಿ.ಎಡ್. ಓದುವವರ ಪಾಠಯೋಜನೆ, ಅದಕ್ಕೆ ಬೇಕಾದ ಚಾರ್ಟು, ಅರ್ಥಶಾಸ್ತ್ರದ ಅಸೈನ್‌ಮೆಂಟು, ಇತಿಹಾಸದ ಭೂಪಟ, ಪ್ರೈಮರಿ ಶಾಲೆಯ ಮಕ್ಕಳ ರಜೆಯ ಹೋಂವರ್ಕು ಎಲ್ಲವೂ ಆ ಅಡುಗೆಮನೆಗೆ ಬರುತ್ತಿದ್ದವು. ಅಕ್ಕ ಒಲೆಯ ಪಕ್ಕದಲ್ಲಿ ಒಂದು ಮಣೆಯ ಮೇಲೆ ಕೂತು, ಇನ್ನೊಂದು ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಮುದ್ದೆಗೆ ಎಸರಿಟ್ಟು ಅದು ಕುದಿಯುವಷ್ಟರಲ್ಲಿ ಒಂದು ಜಿರಳೆಯ ಜೀರ್ಣಾಂಗವನ್ನು ಮುಗಿಸುತ್ತಿದ್ದರು. ಗೆರೆ ಎಂದರೆ ಗೆರೆ. ಎಲ್ಲೂ ಎರಡು ಸಲ ಪೆನ್ಸಿಲ್ ಓಡಿಸಿದ ಗುರುತಿಲ್ಲ.

ಒಂದು ವಿಶೇಷವಿತ್ತು. ಅರ್ಥವಾಗದೆ ಇದ್ದದ್ದನ್ನು ಆಕೆ ಬರೆಯುತ್ತಿರಲಿಲ್ಲ. ‘ತಲೆಗೆ ಓಗ್ದೇ ಇರೋದು ಕೈಗೆ ಎಂಗೆ ಬಂದಾದು?’ ಎನ್ನುತ್ತಿದ್ದರು. ಹಾಗಾಗಿ ಬರೆಸುವವರು ಪಠ್ಯಪುಸ್ತಕವನ್ನೂ ತಂದುಕೊಡಬೇಕು. ಅದನ್ನು ಆಕೆ ಮೊದಲಿನಿಂದ ಕೊನೆಯವರೆಗೂ ಓದಬೇಕು. ಗೈಡಿನಲ್ಲಿ ತಪ್ಪಿದ್ದರೆ ತಿದ್ದಿಯೇ ಬರೆಯಬೇಕು. ಸಮಾಜಶಾಸ್ತ್ರದ ಒಬ್ಬ ವಿದ್ಯಾರ್ಥಿನಿ ‘ನಗರದ ಅಂಚಿನ ಹಳ್ಳಿಯ ಬದಲಾವಣೆ’ ಅಂತ ಒಂದು ಪ್ರಾಜೆಕ್ಟ್ ತಂದುಕೊಟ್ಟಾಗ ಅಕ್ಕ ಗೈಡು ಮುಟ್ಟಲೇ ಇಲ್ಲ. ಒಂದು ವಾರ ಮಧ್ಯಾಹ್ನದ ಹೊತ್ತು ಹಿನಕಲ್‌ನ ಮನೆಮನೆಗೆ ಹೋಗಿ, ಯಾರ ಹೊಲ ಯಾವ ಬಡಾವಣೆಯಾಯಿತು, ಹೊಲ ಹೋದಮೇಲೆ ಮನೆಯವರು ಏನು ಕೆಲಸ ಹಿಡಿದರು ಎಂದು ಕೇಳಿಕೊಂಡು ಬಂದು ಬರೆದರು. ಆ ಪ್ರಾಜೆಕ್ಟಿಗೆ ಕಾಲೇಜಿನಲ್ಲಿ ಮೊದಲ ಬಹುಮಾನ ಬಂತಂತೆ. ಬಹುಮಾನ ತೆಗೆದುಕೊಂಡವಳು ಹಿನಕಲ್ ಊರೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ.

ನಾನು ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವ್ವ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುತ್ತಿದ್ದಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಹಟ ಮಾಡಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಎಲ್ಲವೂ ಇಂಗ್ಲಿಷು. ಹೇಗೋ ಏಗುತ್ತಿದ್ದೆ. ಎರಡನೇ ವರ್ಷದ ನಡುವೆ ಕಾಮಾಲೆ ಹತ್ತಿ ಒಂದು ತಿಂಗಳು ಮಲಗಿಬಿಟ್ಟೆ. ಎದ್ದು ಕಾಲೇಜಿಗೆ ಹೋಗುವ ಹೊತ್ತಿಗೆ ರೆಕಾರ್ಡಿನಲ್ಲಿ ಹನ್ನೆರಡು ಚಿತ್ರ ಬಾಕಿ ಇದ್ದವು. ಸಲ್ಲಿಸಲು ನಾಲ್ಕು ದಿನ. ನನಗೆ ಬರವಣಿಗೆ ಪರವಾಗಿಲ್ಲ, ಚಿತ್ರ ಮಾತ್ರ ಬರುತ್ತಿರಲಿಲ್ಲ. ನಾನು ಬರೆದ ಮೂತ್ರಪಿಂಡ ಗೋಡಂಬಿಯ ಹಾಗೆ ಕಾಣುತ್ತಿತ್ತು.

ಅಕ್ಕನ ಬಳಿ ಹೋದೆ. ನನ್ನ ಹಳದಿ ಕಣ್ಣು ನೋಡಿ ಆಕೆ ಏನೂ ಕೇಳಲಿಲ್ಲ. ‘ಇಟ್ಟೋಗು’ ಎಂದರು. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೆರಡು ಚಿತ್ರಗಳೂ ಸಿದ್ಧವಾಗಿದ್ದವು.

ನಮ್ಮ ಜೀವಶಾಸ್ತ್ರದ ಮೇಷ್ಟ್ರು ಅಚ್ಚುಕಟ್ಟಿನ ಮನುಷ್ಯ. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ತಮ್ಮದೇ ನೋಟ್ಸ್ ಬರೆದು, ಅದನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚುತ್ತಿದ್ದರು. ಚಿತ್ರಗಳನ್ನೂ ಅದರಲ್ಲಿದ್ದ ಹಾಗೆಯೇ ಬರೆಯಬೇಕಿತ್ತು. ಆ ದಿನ ಅವರು ನನ್ನ ರೆಕಾರ್ಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಎದ್ದು ನಿಲ್ಲಿಸಿದರು.

‘ಇದು ಯಾರು ಬರೆದದ್ದು?’

‘ನಾನೇ ಸಾರ್.’

ಸುಳ್ಳು ಹೇಳಿದೆ. ಇಂದಿಗೂ ಅದನ್ನು ಸರಿ ಎಂದು ಹೇಳಲಾರೆ. ಮೇಷ್ಟ್ರು ಸೀಮೆಸುಣ್ಣ ಕೊಟ್ಟು, ‘ಬಾ, ಹೃದಯದ ಚಿತ್ರ ಬೋರ್ಡ್ ಮೇಲೆ ಬರಿ’ ಎಂದರು. ಬೋರ್ಡಿನ ಮುಂದೆ ನಿಂತೆ. ಒಂದು ದುಂಡನೆಯ ಗೆರೆ ಎಳೆದೆ, ಅದು ಆಲೂಗಡ್ಡೆಯಾಯಿತು. ತರಗತಿ ನಕ್ಕಿತು. ಆ ನಕ್ಕವರಲ್ಲಿ ಐದಾರು ಜನರ ರೆಕಾರ್ಡುಗಳು ಅದೇ ಅಡುಗೆಮನೆಯಿಂದ ಬಂದವು, ನಾನೇ ಕಣ್ಣಾರೆ ಕಂಡಿದ್ದೆ. ಅವಕ್ಕೆಲ್ಲ ಸಹಿ ಬಿದ್ದಿತ್ತು. ಅವರು ಸರಸ್ವತಿಪುರದ ಕಡೆಯವರು, ಅಪ್ಪಂದಿರು ಕಾರಿನಲ್ಲಿ ಬಂದು ಬಿಟ್ಟುಹೋಗುವಂಥವರು. ಅವರ ಕೈಗೆ ಸೀಮೆಸುಣ್ಣ ಕೊಡಬೇಕೆಂದು ಮೇಷ್ಟ್ರಿಗೆ ಅನ್ನಿಸಲೇ ಇಲ್ಲ.

‘ಈ ರೆಕಾರ್ಡಿಗೆ ನಾನು ಸಹಿ ಹಾಕಲ್ಲ. ಪ್ರಾಕ್ಟಿಕಲ್ಸಿಗೆ ಹೇಗೆ ಕೂರ್ತೀಯೋ ನೋಡ್ತೀನಿ’ ಎಂದು ಪುಸ್ತಕವನ್ನು ಮೇಜಿನ ಆ ಬದಿಗೆ ತಳ್ಳಿದರು. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ವರ್ಷವೇ ಹೋಯಿತು. ನಮ್ಮ ಮನೆಯಲ್ಲಿ ಇನ್ನೊಂದು ವರ್ಷ ಎಂಬುದು ಇರಲಿಲ್ಲ. ಅವ್ವ ಅದನ್ನು ಮೊದಲೇ ಹೇಳಿದ್ದಳು.

ಸಂಜೆ ಅಕ್ಕನ ಮನೆಗೆ ಹೋಗಿ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಅಕ್ಕ ಹುರುಳಿಕಾಯಿ ಬಿಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡರು. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ‘ಬೋರ್ಡ್ ಮ್ಯಾಲೆ ಒಂದು ಗೆರೇನೂ ಬರ್ಲಿಲ್ವೇನೇ?’ ಎಂದು ಕೇಳಿದರು.

‘ಇಲ್ಲ ಅಕ್ಕ.’

‘ನಿನ್ ಕೈ ಕೆಲ್ಸ ನಾನ್ ಮಾಡ್ಬುಟ್ಟೆ. ಅದು ಕಲಿಯೋದಾದ್ರೂ ಎಂಗೆ?’ ಎಂದರು. ಯಾರಿಗೆ ಹೇಳುತ್ತಿದ್ದರೋ... ನನಗಂತೂ ಅಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಮನೆಯಲ್ಲಿ ಉಡುವ ನೂಲಿನ ಸೀರೆ, ತಲೆಗೆ ಎಣ್ಣೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಕಾಲೇಜಿಗೆ ಬಂದ ಯಾವ ತಾಯಿಯೂ ಹಾಗೆ ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

‘ಯಾರಮ್ಮ? ಏನು ಬೇಕಾಗಿತ್ತು?’ ಎಂದರು ಮೇಷ್ಟ್ರು.

‘ಆ ಹುಡ್ಗೀದು ರೆಕಾರ್ಡ್ ಬರ್ದೋಳು ನಾನೇ ಕಣ್ರೀ ಸಾರ್.’

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ‘ಒಪ್ಪಿಕೊಂಡ್ರಲ್ಲ, ಒಳ್ಳೇದಾಯ್ತು. ಇದು ಮೋಸ ಅಂತ ಗೊತ್ತು ತಾನೆ?’

‘ಗೊತ್ತು. ತಪ್ಪು ಅಂತ ಹೇಳೋಕೇ ಬಂದಿದ್ದು. ಆದ್ರೆ ಸಾರ್, ಈ ಮೇಜಿನ ಮ್ಯಾಲೆ ನನ್ನ ಕೈದು ಇದೊಂದೇ ಇಲ್ಲ. ಮಿಕ್ಕಿದ್ದಕ್ಕೆಲ್ಲ ನೀವು ಸಹಿ ಹಾಕಿದೀರಿ. ಯಾರ್ದು ಅಂತ ಹೆಸ್ರು ಹೇಳೋಕೆ ನಾನು ಬಂದಿಲ್ಲ. ಒಬ್ಳಿಗೆ ಒಂದು ನ್ಯಾಯ, ಇನ್ನೊಬ್ರಿಗೆ ಇನ್ನೊಂದು ಯಾಕೆ ಅಂತ ಕೇಳೋಕ್ ಬಂದಿದೀನಿ.’

ಹಿಂದಿನ ಬೆಂಚುಗಳಲ್ಲಿ ಯಾರೂ ತಲೆ ಎತ್ತಲಿಲ್ಲ.

ಮೇಷ್ಟ್ರಿಗೆ ಸಿಟ್ಟು ಬಂತು. ‘ಏನು ಓದಿದೀರಿ ನೀವು?’

‘ಸೆಕೆಂಡ್ ಪಿಯುಸಿ. ಪರೀಕ್ಷೆಗೆ ಕೂರ್ಲಿಲ್ಲ.’

‘ಅಂದ್ರೆ ಫೇಲು. ಪಿಯುಸಿ ಆಗದೇ ಇರೋರು ಇಲ್ಲಿ ಬಂದು ನನಗೆ ನ್ಯಾಯ ಹೇಳ್ಕೊಡ್ತೀರಾ? ನೀವು ಬರೆದದ್ದು ಏನು ಅನ್ನೋದಾದ್ರೂ ನಿಮಗೆ ಗೊತ್ತಾ?’

ಅಕ್ಕ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದರು. ಮೇಜಿನ ಮೇಲಿದ್ದ ನನ್ನ ರೆಕಾರ್ಡ್ ತೆಗೆದು ಹೃದಯದ ಪುಟ ತೆರೆದು ಅವರ ಮುಂದಿಟ್ಟರು. ಪಕ್ಕದಲ್ಲಿ ಚೀಲದಿಂದ ತೆಗೆದ ಒಂದು ಜೆರಾಕ್ಸ್ ಹಾಳೆ ಇಟ್ಟರು. ಅದು ಮೇಷ್ಟ್ರ ನೋಟ್ಸ್.

‘ಸಾರ್, ಶ್ವಾಸಕೋಶಕ್ಕೆ ರಕ್ತ ತಗೊಂಡ್ ಹೋಗೋ ನಾಳ ಹೃದಯದ ಬಲಗಡೆ ಕೆಳಗಿನ ಕೋಣೆಯಿಂದ ಹೊರಡ್ಬೇಕು. ಅಲ್ಲಿಂದ ರಕ್ತ ವಾಪಸ್ ತರೋ ನಾಳ ಎಡಗಡೆ ಮೇಲಿನ ಕೋಣೆಗೆ ಬರ್ಬೇಕು. ಸರಿ ತಾನೆ? ನಿಮ್ಮ ನೋಟ್ಸಲ್ಲಿ ಎರಡರ ಹೆಸ್ರೂ ಅದಲುಬದಲಾಗಿದೆ. ಮೂರು ವರ್ಷದಿಂದ ನೋಡ್ತಿದೀನಿ. ಎಲ್ರೂ ಅಂಗೇ ಬರೀತಾರೆ, ನೀವೂ ಅಂಗೇ ಸಹಿ ಹಾಕ್ತೀರಿ. ನಾನು ಬರ್ದಿರೋದ್ರಲ್ಲಿ ಮಾತ್ರ ಸರಿ ಇದೆ. ನೋಡ್ಕಳಿ.’

ಮೇಷ್ಟ್ರು ಹಾಳೆ ನೋಡಿದರು. ರೆಕಾರ್ಡ್ ನೋಡಿದರು. ಮತ್ತೆ ಹಾಳೆ ನೋಡಿದರು. ಅವರ ಮುಖ ನಾನು ಮರೆತಿಲ್ಲ. ಕೆಟ್ಟ ಮನುಷ್ಯರಲ್ಲ ಅವರು, ಈಗ ನನಗೂ ಅಂಥದೇ ಕುರ್ಚಿಯಲ್ಲಿ ಕೂತು ಗೊತ್ತಾಗಿದೆ. ಮುನ್ನೂರು ಮಕ್ಕಳ ಪುಸ್ತಕ ತಿದ್ದುವವರಿಗೆ ಕಣ್ಣು ಸೋಲುತ್ತದೆ. ಆದರೆ ತರಗತಿಯ ಮುಂದೆ ಅದನ್ನು ಒಪ್ಪಿಕೊಳ್ಳುವುದು ಅವರಿಂದ ಆಗಲಿಲ್ಲ.

‘ಅದು ಜೆರಾಕ್ಸ್ ಅಂಗಡಿಯವನ ತಪ್ಪು’ ಎಂದರು.

ಜೆರಾಕ್ಸ್ ಯಂತ್ರ ಹೆಸರುಗಳನ್ನು ಅದಲುಬದಲು ಮಾಡುತ್ತದೆಯೇ ಎಂದು ಅಕ್ಕ ಕೇಳಬಹುದಿತ್ತು. ಕೇಳಲಿಲ್ಲ. ‘ಇರ್ಬೋದು ಸಾರ್. ನನ್ದೊಂದು ಮಾತು. ಇವ್ಳಿಗೆ ಹದಿನೈದು ದಿನ ಕೊಡಿ. ಹನ್ನೆರಡು ಚಿತ್ರಾನೂ ನಿಮ್ ಎದುರ್ಗೇ ಕೂತು ಬರೀತಾಳೆ. ಬರೀಲಿಲ್ಲ ಅಂದ್ರೆ ಸಹಿ ಹಾಕ್ಬೇಡಿ. ನಾನೂ ಕೇಳೋಕ್ ಬರಲ್ಲ’ ಎಂದರು.

ಮೇಷ್ಟ್ರು ‘ಆಗಲಿ’ ಅನ್ನಲೂ ಇಲ್ಲ, ‘ಆಗಲ್ಲ’ ಅನ್ನಲೂ ಇಲ್ಲ. ‘ಹದಿನೈದನೇ ದಿನ ನೋಡೋಣ. ನೀವು ಮಾತ್ರ ಇನ್ನು ಕಾಲೇಜಿನ ಒಳಗೆ ಬರಕೂಡದು’ ಎಂದರು.

‘ಬರಲ್ಲ ಬುಡಿ’ ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೋದರು.

ಆ ಹದಿನೈದು ದಿನಗಳನ್ನು ನೆನೆದರೆ ಈಗಲೂ ಬೆರಳು ನೋಯುತ್ತದೆ. ಕಾಲೇಜು ಮುಗಿಸಿ ನೇರ ಅಕ್ಕನ ಮನೆಗೆ ಹೋಗುತ್ತಿದ್ದೆ. ಮೊದಲ ಮೂರು ದಿನ ಪೆನ್ಸಿಲ್ಲನ್ನೇ ಕೊಡಲಿಲ್ಲ. ಒಂದು ನಿಂಬೆಹಣ್ಣು ಕೊಯ್ದು ನನ್ನ ಮುಂದಿಟ್ಟು, ‘ನೋಡು, ಎಷ್ಟು ತೊಳೆ ಇದೆ, ಯಾವ್ದು ದೊಡ್ದು, ಬೀಜ ಎಲ್ಲಿ ಕೂತದೆ. ಕಣ್ಮುಚ್ಕೊಂಡು ಹೇಳು’ ಎನ್ನುವರು. ತಪ್ಪಿದರೆ ಮತ್ತೆ ನೋಡಬೇಕು. ನಾಲ್ಕನೆಯ ದಿನ ಹಳೆಯ ಲೆಕ್ಕದ ಪುಸ್ತಕವೊಂದನ್ನು ಕೊಟ್ಟು ಬರೀ ಗೆರೆ ಎಳೆಸಿದರು. ಮೊಣಕೈ ಎತ್ತಿದರೆ ಸೌಟಿನ ಹಿಡಿಯಿಂದ ಒಂದು ಏಟು ಬೀಳುತ್ತಿತ್ತು. ಎಂಟನೆಯ ದಿನದ ಹೊತ್ತಿಗೆ ನನ್ನ ಮೂತ್ರಪಿಂಡ ಮೂತ್ರಪಿಂಡದ ಹಾಗೆಯೇ ಕಾಣತೊಡಗಿತು.

ಹೃದಯ ಮಾತ್ರ ಬರಲಿಲ್ಲ. ಎಷ್ಟು ಬರೆದರೂ ನಾಳಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತಿದ್ದವು. ಯಾವುದು ಮುಂದೆ, ಯಾವುದು ಹಿಂದೆ ಎಂದು ಕೇಳಿದೆ. ಅಕ್ಕ ಪುಸ್ತಕ ನೋಡಿದರು, ನನ್ನನ್ನು ನೋಡಿದರು.

‘ನಂಗೂ ಗೊತ್ತಿಲ್ಲ ಕಣೇ. ನೂರಾರು ಸಲ ಬರ್ದಿದೀನಿ, ಒಂದ್ ಸಲಾನೂ ನೋಡಿಲ್ಲ’ ಎಂದರು. ಆಮೇಲೆ ಮೆಲ್ಲಗೆ, ‘ನಿಮ್ಮವ್ವ ಮಟನ್ ತರೋ ಅಂಗ್ಡೀಲಿ ಗುಂಡಿಗೆ ಸಿಕ್ತದಾ?’ ಎಂದು ಕೇಳಿದರು.

ಅಕ್ಕನ ಮನೆಯಲ್ಲಿ ಮಾಂಸದ ಹೆಸರು ಕೂಡ ಎತ್ತುವಂತಿರಲಿಲ್ಲ. ಆಕೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಬೆಳಿಗ್ಗೆ ಲಿಂಗಪೂಜೆಯಾಗದೆ ನೀರನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಅವ್ವ ಕೊಟ್ಟ ಬಾಳೆಹಣ್ಣನ್ನಷ್ಟೇ ತಿನ್ನುತ್ತಿದ್ದರು. ಅವ್ವನಿಗೆ ವಿಷಯ ಹೇಳಿದಾಗ ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆದರೂ ಭಾನುವಾರ ಬೆಳಿಗ್ಗೆ ಮುತ್ತುಗದೆಲೆಯಲ್ಲಿ ಸುತ್ತಿದ ಕುರಿಯ ಗುಂಡಿಗೆಯನ್ನು ತಂದಳು.

ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟುಕೊಂಡು ಮೂವರೂ ಕೂತೆವು. ಅಕ್ಕನ ಕೈಯಲ್ಲಿ ಹೊಸ ಬ್ಲೇಡು. ಆಕೆ ಕೊರಳ ಕರಡಿಗೆಯನ್ನು ಒಮ್ಮೆ ಮುಟ್ಟಿ, ಸೆರಗಿನ ಒಳಗೆ ಸರಿಸಿಕೊಂಡರು. ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕಟ್ಟಿಕೊಳ್ಳಲಿಲ್ಲ. ಮೊದಲ ಗೀರು ಹಾಕುವಾಗ ಕೈ ಸ್ವಲ್ಪ ತಡೆಯಿತು, ಆಮೇಲೆ ಇಲ್ಲ. ಪೊರಕೆಯ ಕಡ್ಡಿಯೊಂದನ್ನು ಶ್ವಾಸಕೋಶಕ್ಕೆ ಹೋಗುವ ನಾಳದೊಳಗೆ ತೂರಿಸಿದರು. ಅದು ಒಳಗಿನ ಕೋಣೆಯಲ್ಲಿ ಹೊರಬಂದದ್ದನ್ನು ಕಂಡು, ‘ಅಯ್ಯೋ ನೋಡೇ, ಬಲಗಡೇನೇ ಬಂತು, ಬಲಗಡೇನೇ!’ ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದರು. ನಂತರ ಎಡ ಭಾಗವನ್ನು ಬಿಡಿಸಿ, ‘ಈ ಗೋಡೆ ಎಷ್ಟು ದಪ್ಪ ನೋಡು. ಮೈಯೆಲ್ಲಕ್ಕೂ ರಕ್ತ ತಳ್ಬೇಕಲ್ಲ. ಪುಸ್ತಕದಲ್ಲಿ ಎರಡೂ ಕಡೆ ಒಂದೇ ಥರ ಬರ್ದವ್ರೆ, ಕಳ್ಳರು’ ಎಂದರು. ಅವ್ವ ಕೂಡ ಬಗ್ಗಿ ನೋಡಿದಳು. ಅಷ್ಟು ವರ್ಷ ಗುಂಡಿಗೆ ಬೇಯಿಸಿದ್ದಾಳೆ, ಅದರೊಳಗೆ ನಾಲ್ಕು ಕೋಣೆ ಇದೆ ಎಂದು ಅವಳಿಗೆ ಅಂದೇ ತಿಳಿದದ್ದು.

ಬೀದಿಯಲ್ಲಿ ಇಂಥದ್ದು ಎಷ್ಟು ಹೊತ್ತು ಮುಚ್ಚಿರುತ್ತದೆ? ಮಧ್ಯಾಹ್ನದೊಳಗೆ ಅಕ್ಕನ ಅತ್ತೆಯ ಕಿವಿಗೆ ಬಿತ್ತು. ನಾನು ಪುಸ್ತಕ ತರಲು ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಅತ್ತೆ ಕೂತಿದ್ದರು, ಅಕ್ಕನ ಗಂಡ ಗೋಡೆಗೆ ಒರಗಿ ನಿಂತಿದ್ದರು, ಅಕ್ಕ ಅಂಗಳದಲ್ಲಿ.

‘ಲಿಂಗ ಕಟ್ಕೊಂಡೋಳು ಹೆಣದ ಮಾಂಸ ಕುಯ್ಕೊಂಡು ಕೂತಿದ್ಯಂತಲ್ಲ. ಮಾನ ಮರ್ಯಾದೆ ಐತಾ?’ ಎಂದರು ಅತ್ತೆ.

‘ತಿನ್ನೋಕ್ ಕುಯ್ಯಲಿಲ್ಲ ಅತ್ತೆ. ತಿಳ್ಕೊಳೋಕ್ ಕುಯ್ದೆ.’

‘ತಲೆ ಮ್ಯಾಲೆ ನೀರ್ ಹುಯ್ಕೊಂಡು, ಸ್ವಾಮಿ ಮುಂದೆ ತಪ್ಪಾಯ್ತು ಅನ್ನು. ಆಮ್ಯಾಲೆ ಒಳಕ್ ಬಾ.’

‘ನೀರು ಹುಯ್ಕೊತೀನಿ. ಮಡಿ ಉಟ್ಕೊಂಡು ಪೂಜೇನೂ ಮಾಡ್ತೀನಿ. ತಪ್ಪಾಯ್ತು ಅಂತ ಮಾತ್ರ ಅನ್ನಲ್ಲ. ಸ್ವಾಮಿಗೆ ಸುಳ್ಳು ಹೇಳ್ಲಾ?’

ಅತ್ತೆ ಮಗನ ಮುಖ ನೋಡಿದರು. ಆ ಮನುಷ್ಯ ಬಹಳ ಮಾತಿನವರಲ್ಲ. ಅಂದು ಅವರು ಹೆಂಡತಿಯ ಪರವಾಗಿಯೂ ಮಾತಾಡಲಿಲ್ಲ, ತಾಯಿಯ ಪರವಾಗಿಯೂ ಮಾತಾಡಲಿಲ್ಲ. ಹಿತ್ತಲಿಗೆ ಹೋಗಿ ಹಂಡೆಗೆ ಬೆಂಕಿ ಹಾಕಿದರು, ಹೆಂಡತಿ ತಣ್ಣೀರು ಹುಯ್ದುಕೊಳ್ಳುವುದು ಬೇಡ ಎಂದು. ಅಕ್ಕ ಒಂದು ವಾರ ಜಗಲಿಯ ಕೋಣೆಯಲ್ಲೇ ಮಲಗಿದರು. ಅತ್ತೆ ಒಳಗಿನಿಂದ ಊಟ ತಂದಿಟ್ಟು ಹೋಗುತ್ತಿದ್ದರು. ಆ ವಾರವೂ ನನಗೆ ಪಾಠ ತಪ್ಪಲಿಲ್ಲ. ಜಗಲಿಯಲ್ಲೇ ನಡೆಯಿತು, ಬೀದಿಗೆಲ್ಲ ಕಾಣುವ ಹಾಗೆ.

ಹದಿನೈದನೆಯ ದಿನ ಮೇಷ್ಟ್ರ ಎದುರು ಕೂತು ಬರೆದೆ. ಹನ್ನೆರಡನ್ನೂ ಬರೆಸಲಿಲ್ಲ. ಆರು ಮುಗಿಯುವ ಹೊತ್ತಿಗೆ ಅವರಿಗೆ ಸಾಕಾಗಿತ್ತು. ಆರನೆಯದು ಹೃದಯ. ನಾಳಗಳ ಹೆಸರು ಬರೆಯುವಾಗ ಅವರು ನನ್ನ ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯಿತು. ಅವರ ನೋಟ್ಸಿನಲ್ಲಿದ್ದ ಹಾಗೆ ಬರೆದರೆ ಸಹಿ ಖಂಡಿತ. ಅಕ್ಕ ಹೇಳಿಕೊಟ್ಟ ಹಾಗೆ ಬರೆದರೆ... ಗೊತ್ತಿಲ್ಲ. ಕಡ್ಡಿ ಎಲ್ಲಿ ತೂರಿ ಎಲ್ಲಿ ಬಂತೆಂದು ನನ್ನ ಕಣ್ಣು ನೋಡಿತ್ತು. ಸರಿಯಾದದ್ದನ್ನೇ ಬರೆದೆ.

ಮೇಷ್ಟ್ರು ಸಹಿ ಹಾಕಿದರು. ಮರುವರ್ಷದ ಜೆರಾಕ್ಸ್ ನೋಟ್ಸಿನಲ್ಲಿ ಆ ಎರಡು ಹೆಸರುಗಳು ಸರಿಯಾಗಿದ್ದವು ಎಂದು ನನ್ನ ನಂತರದ ತರಗತಿಯ ಹುಡುಗಿಯರು ಹೇಳಿದರು.

ಅಕ್ಕ ಅಲ್ಲಿಗೇ ನಿಲ್ಲಿಸಬಹುದಿತ್ತು. ಮುಂದಿನ ಜೂನ್‌ನಲ್ಲಿ ಬಿ.ಎಡ್. ವಿದ್ಯಾರ್ಥಿಗಳು ಎಂದಿನಂತೆ ಪಾಠಯೋಜನೆ ಹೊತ್ತುಕೊಂಡು ಬಂದಾಗ ಆ ಮನೆಯ ಗೇಟಿಗೆ ಒಂದು ರಟ್ಟು ನೇತಾಡುತ್ತಿತ್ತು. ಅಕ್ಕನದೇ ದುಂಡನೆಯ ಅಕ್ಷರ. ‘ಇಲ್ಲಿ ರೆಕಾರ್ಡ್, ಅಸೈನ್‌ಮೆಂಟ್ ಬರೆದು ಕೊಡುವುದಿಲ್ಲ. ಬರೆಯುವುದನ್ನು ಕಲಿಸಲಾಗುತ್ತದೆ.’ ಬಂದವರು ಬೇಡಿಕೊಂಡರು, ಕೆಲವರು ಬೈದರು. ಒಬ್ಬಾಕೆ, ಆಗಲೇ ಶಾಲೆಯೊಂದರಲ್ಲಿ ಕೆಲಸಕ್ಕಿದ್ದವರು, ‘ಪಿಯುಸಿ ಫೇಲಾದೋರ ಹತ್ರ ನಾವು ಕಲೀಬೇಕಾ?’ ಎಂದರು. ‘ಇಷ್ಟ್ ದಿನ ಫೇಲಾದೋಳು ಬರ್ದಿದ್ದನ್ನೇ ಕೊಟ್ಟು ಪಾಸಾಗ್ತಿದ್ರಲ್ಲಮ್ಮ’ ಎಂದು ಅಕ್ಕ ನಕ್ಕರು. ಆಕೆ ಮತ್ತೆ ಬರಲಿಲ್ಲ. ಮೊದಲ ಆರು ತಿಂಗಳು ಯಾರೂ ಬರಲಿಲ್ಲ, ನನ್ನನ್ನು ಬಿಟ್ಟು.

ಆಮೇಲೆ ಬಂದವರು ಬೀದಿಯ ಮಕ್ಕಳೇ. ಸರ್ಕಾರಿ ಶಾಲೆಯ ಮಕ್ಕಳು, ಮನೆಯಲ್ಲಿ ಹೋಂವರ್ಕ್ ಹೇಳಿಕೊಡುವವರಿಲ್ಲದವರು. ಜಗಲಿಯ ಕೋಣೆ ತುಂಬಿತು. ಅತ್ತೆ ಮೊದಮೊದಲು ಬಾಗಿಲು ಮುಚ್ಚಿಕೊಳ್ಳುತ್ತಿದ್ದವರು, ಒಂದು ದಿನ ಯಾವುದೋ ಮಗುವಿನ ಮಗ್ಗಿ ತಪ್ಪಿದ್ದನ್ನು ಒಳಗಿನಿಂದಲೇ ತಿದ್ದಿದರಂತೆ. ಅಷ್ಟೇ, ಇನ್ನು ಮಗ್ಗಿ ಒಪ್ಪಿಸುವುದು ಅವರ ಬಳಿಯೇ ಆಯಿತು.

ಅಕ್ಕ ತಾನೂ ಪಿಯುಸಿ ಮುಗಿಸಲು ಹೊರಟದ್ದು ಆ ದಿನಗಳಲ್ಲೇ. ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ, ಜೊತೆಗೆ ಹೋಗಿದ್ದೆ. ಪಿಯು ಶಿಕ್ಷಣ ಇಲಾಖೆಯ ಕಚೇರಿಯ ಗುಮಾಸ್ತರು ಒಳ್ಳೆಯವರೇ. ‘ವಿಜ್ಞಾನಕ್ಕೆ ಮನೆಯಿಂದ ಪರೀಕ್ಷೆ ಕಟ್ಟೋಕಾಗಲ್ಲಮ್ಮ, ಪ್ರಾಕ್ಟಿಕಲ್ಸ್ ಇರುತ್ತೆ, ಕಾಲೇಜಿಗೆ ಬರ್ಲೇಬೇಕು. ಈ ವಯಸ್ಸಲ್ಲಿ ಯಾರು ಸೇರಿಸ್ಕೋತಾರೆ? ಕಲಾ ವಿಭಾಗ ತಗೊಳಿ, ಸುಲಭವಾಗಿ ಪಾಸಾಗ್ತೀರಿ’ ಎಂದರು. ಅಕ್ಕ ಅರ್ಜಿಯನ್ನು ಅವರ ಮೇಜಿನ ಮೇಲೇ ಇಟ್ಟರು. ‘ನಂಗ್ ಬೇಕಾಗಿದ್ದು ಪಾಸಲ್ಲ ಸಾರ್, ಬಯಾಲಜಿ’ ಎಂದರು. ಹೊರಗೆ ಬಂದು ಎಳನೀರು ಕುಡಿದು, ಬಸ್ಸು ಹತ್ತಿದೆವು. ಆಕೆ ಅಳುತ್ತಾರೆಂದು ನಾನು ಕಾಯುತ್ತಿದ್ದೆ. ಅಳಲಿಲ್ಲ. ‘ನಿಂದು ಬಿ.ಎಸ್ಸಿ. ಪುಸ್ತಕ ಇದೆಯಲ್ಲ, ಅದನ್ನೇ ಕೊಡು, ಓದ್ಕೋತೀನಿ’ ಎಂದರು. ಓದಿದರು ಕೂಡ. ಆಮೇಲೆ ಎಂ.ಎಸ್ಸಿ. ಪುಸ್ತಕಗಳನ್ನೂ.

ನನಗೆ ಕೆಲಸ ಸಿಕ್ಕಿ ಚಾಮರಾಜನಗರದ ಕಡೆ ಹೋದೆ. ಮದುವೆ, ಮಗು, ವರ್ಗಾವಣೆ... ಹಿನಕಲ್‌ಗೆ ಹೋಗುವುದು ಕಡಿಮೆಯಾಯಿತು. ಹೋದಾಗಲೆಲ್ಲ ಅಕ್ಕ ಒಂದೇ ಬೇಡಿಕೆ ಇಡುತ್ತಿದ್ದರು. ‘ಮೆಡಿಕಲ್ ಕಾಲೇಜಲ್ಲಿ ಮನುಷ್ಯರ ಗುಂಡಿಗೆ ಗಾಜಿನ ಭರಣೀಲಿ ಇಟ್ಟಿರ್ತಾರಂತಲ್ಲ. ಕುರೀದು ನೋಡಿದ್ದಾಯ್ತು. ನೀನು ಲೆಕ್ಚರರು, ನೀನ್ ಕೇಳಿದ್ರೆ ಬಿಡ್ತಾರೆ. ಒಂದ್ ಸಲ ಕರ್ಕೊಂಡ್ ಹೋಗು.’

‘ಖಂಡಿತ ಅಕ್ಕ. ಮೌಲ್ಯಮಾಪನ ಮುಗೀಲಿ’ ಎನ್ನುತ್ತಿದ್ದೆ. ಮೌಲ್ಯಮಾಪನ ಮುಗಿದರೆ ದಾಖಲಾತಿ. ದಾಖಲಾತಿ ಮುಗಿದರೆ ಮಗುವಿನ ಶಾಲೆ. ಒಂದು ಪತ್ರ ಬರೆದು ಅನುಮತಿ ಕೇಳಲು ಹತ್ತು ನಿಮಿಷ ಸಾಕಿತ್ತು. ಆ ಹತ್ತು ನಿಮಿಷ ನನಗೆ ಆರು ವರ್ಷ ಸಿಗಲಿಲ್ಲ.

ಆಕೆಗೆ ಪಿತ್ತಕೋಶದಲ್ಲಿ ಗೆಡ್ಡೆ ಎಂದು ತಿಳಿದಾಗ ನಾನು ಮೈಸೂರಿಗೆ ಮರಳಿದ್ದೆ. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಇದ್ದೆ. ಯುವ ವೈದ್ಯರೊಬ್ಬರು ಚೀಟಿಯ ಹಿಂಬದಿಯಲ್ಲಿ ಚಿತ್ರ ಗೀಚಿ ಅಕ್ಕನ ಗಂಡನಿಗೆ ವಿವರಿಸುತ್ತಿದ್ದರು. ಅಕ್ಕ ಹಾಸಿಗೆಯಿಂದಲೇ ಕತ್ತು ಚಾಚಿ ನೋಡಿದರು.

‘ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಪಿತ್ತಕೋಶ ಯಕೃತ್ತಿನ ಕೆಳಗಡೆ ಬರ್ಬೇಕು. ನೀವು ಹೊಟ್ಟೆಗೆ ಅಂಟಿಸ್ಬುಟ್ಟಿದೀರಿ.’

ವೈದ್ಯರು ನಕ್ಕು ಪೆನ್ನು ಕೊಟ್ಟರು. ಅಕ್ಕನ ಕೈ ಸೋತಿತ್ತು, ಆದರೂ ಗೆರೆ ಅಲುಗಲಿಲ್ಲ. ಯಕೃತ್ತು, ಅದರಡಿ ಪಿತ್ತಕೋಶ, ಅಲ್ಲಿಂದ ಇಳಿಯುವ ನಾಳ. ಬರೆದು ಮುಗಿಸಿ, ಒಂದು ಜಾಗದಲ್ಲಿ ಚುಕ್ಕೆ ಇಟ್ಟು, ‘ನನ್ದು ಇಲ್ಲಿ ತಾನೆ?’ ಎಂದರು. ವೈದ್ಯರು ತಲೆಯಾಡಿಸಿದರು. ‘ಯಕೃತ್ತಿಗೂ ಹೋಗಿದ್ಯಾ?’ ಅವರು ಅಕ್ಕನ ಗಂಡನ ಕಡೆ ನೋಡಿದರು. ‘ಹೇಳಿ ಡಾಕ್ಟ್ರೇ. ಗೊತ್ತಿಲ್ಲದೇ ಇರೋದಕ್ಕೇ ನಂಗೆ ಭಯ. ಗೊತ್ತಿರೋದಕ್ಕಲ್ಲ.’

‘ಹೋಗಿದೆ’ ಎಂದರು ಅವರು.

‘ಸರಿ ಬುಡಿ’ ಎಂದು ಅಕ್ಕ ಪೆನ್ನು ಮರಳಿಸಿದರು. ಎರಡು ತಿಂಗಳ ಮೇಲೆ ತೀರಿಕೊಂಡರು.

ಹಿನಕಲ್ ವೃತ್ತದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಲು ಆಕೆಯ ಬಳಿ ಕಲಿತವರೆಲ್ಲ ಸೇರಿದೆವು. ಹೆಸರಿನ ಕೆಳಗೆ ಏನು ಹಾಕಿಸುವುದು ಎಂಬ ಮಾತು ಬಂತು. ನೆಂಟರೊಬ್ಬರು ‘ಗೃಹಿಣಿ’ ಎಂದರು. ನಾನು ‘ಶಿಕ್ಷಕಿ’ ಎಂದೆ. ‘ಯಾವ ಶಾಲೇಲಿ? ಒಂದು ಸರ್ಟಿಫಿಕೇಟಾದ್ರೂ ಇತ್ತೇನಮ್ಮ?’ ಎಂದು ಅವರು ಕೇಳಿದರು. ‘ನನ್ನ ಹತ್ರ ನಾಲ್ಕಿವೆ, ಅವೆಲ್ಲ ಅಕ್ಕಂದೇ’ ಎಂದೆ. ‘ಶಿಕ್ಷಕಿ’ ಎಂದೇ ಹಾಕಿಸಿದೆವು. ಪಾಲಿಕೆಯವರು ನಾಲ್ಕು ದಿನಕ್ಕೆ ಬಿಚ್ಚಿಕೊಂಡು ಹೋದರು. ಹೋಗಲಿ. ನಾಲ್ಕು ದಿನ ವೃತ್ತದಲ್ಲಿ ಓಡಾಡಿದವರೆಲ್ಲ ಅದನ್ನು ಓದಿದರು.

ಅಂದು ಬಹಳ ಜನ ಹೇಳಿದ ಒಂದು ಮಾತು ನನಗೆ ಇಂದಿಗೂ ಹಿಡಿಸುವುದಿಲ್ಲ. ‘ಪಾಪ, ಓದಿಸಿದ್ದಿದ್ದರೆ ಡಾಕ್ಟರಾಗುತ್ತಿದ್ದಳು.’ ಆಗುತ್ತಿದ್ದರೋ ಏನೋ. ಅದರಲ್ಲಿ ‘ಪಾಪ’ ಯಾಕೆ ಬರಬೇಕು? ತಡೆದವರಿದ್ದರು, ಅವಕಾಶ ಕಿತ್ತುಕೊಂಡವರಿದ್ದರು, ಅದನ್ನು ನಾನು ಮರೆಯುವುದಿಲ್ಲ, ಯಾರನ್ನೂ ಮನ್ನಿಸುವ ಹಕ್ಕೂ ನನಗಿಲ್ಲ. ಆದರೆ ಆಕೆ ಆಗದೇ ಹೋದದ್ದನ್ನು ಹಿಡಿದು ಮರುಗುತ್ತಾ ಕೂತರೆ, ಆಕೆ ಆಗಿದ್ದನ್ನು ಯಾರು ನೋಡುತ್ತಾರೆ? ಆ ಜಗಲಿಯಲ್ಲಿ ಕಲಿತವರಲ್ಲಿ ಇಬ್ಬರು ಶುಶ್ರೂಷಕಿಯರಿದ್ದಾರೆ, ಒಬ್ಬ ಸರ್ವೆಯರ್ ಇದ್ದಾನೆ, ಹೊಲಿಗೆ ಅಂಗಡಿಯಾಕೆ ಇದ್ದಾಳೆ, ನಾನಿದ್ದೇನೆ. ನಮ್ಮಲ್ಲಿ ಯಾರ ಕೈಯೂ ಬೇರೆಯವರು ಬರೆದದ್ದನ್ನು ತನ್ನದೆಂದು ಚಾಚುವುದಿಲ್ಲ.

ಈ ವರ್ಷ ನನ್ನ ತರಗತಿಯ ಹುಡುಗಿಯರನ್ನು ಮೆಡಿಕಲ್ ಕಾಲೇಜಿನ ಅಂಗರಚನಾ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಪತ್ರ ಬರೆಯಲು ಹತ್ತೇ ನಿಮಿಷ ಹಿಡಿಯಿತು. ಅನುಮತಿ ಮೂರು ದಿನದಲ್ಲಿ ಬಂತು. ಉದ್ದನೆಯ ಹಾಲ್, ಸಾಲಾಗಿ ಗಾಜಿನ ಭರಣಿಗಳು. ಹೃದಯ ಮೂರನೆಯ ಕಪಾಟಿನಲ್ಲಿತ್ತು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು, ಬೂದು ಬಣ್ಣದ್ದು. ಹುಡುಗಿಯರು ಮುತ್ತಿಕೊಂಡರು.

ಐದು ನಿಮಿಷವೂ ಆಗಿರಲಿಲ್ಲ, ಸಂಗ್ರಹಾಲಯದ ಸಹಾಯಕರು ಬಂದು, ‘ಬೇಗ ನೋಡ್ಕೊಂಡು ನಡೀರಿ ಮೇಡಂ, ಇನ್ನೊಂದ್ ಬ್ಯಾಚ್ ಕಾಯ್ತಾ ಇದೆ’ ಎಂದರು.

‘ಕಾಯ್ಲಿ ಬಿಡಿ. ನಮ್ಮ ಸಮಯ ಇನ್ನೂ ಇದೆ. ಈ ಭರಣಿ ಸ್ವಲ್ಪ ತಿರುಗಿಸಿ, ಹಿಂಭಾಗ ನೋಡ್ಬೇಕು’ ಎಂದೆ.

‘ಯಾರೂ ಹಾಗೆಲ್ಲ ಕೇಳಲ್ಲ ಮೇಡಂ.’

‘ನಾವು ಕೇಳ್ತಿದೀವಿ.’

ಅವರು ಗೊಣಗುತ್ತಲೇ ಕಪಾಟು ತೆರೆದು ತಿರುಗಿಸಿದರು. ಹಿಂಬದಿಯಲ್ಲಿ ಶ್ವಾಸಕೋಶದಿಂದ ಬರುವ ನಾಳಗಳು ನಾಲ್ಕೂ ಸ್ಪಷ್ಟವಾಗಿ ಕಾಣುತ್ತಿದ್ದವು, ಎಡಗಡೆಯ ಮೇಲಿನ ಕೋಣೆಗೆ ಬಂದು ಸೇರುತ್ತಿದ್ದವು. ಹುಡುಗಿಯರು ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ನಾನೂ ನೋಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಅಕ್ಕ ಇದನ್ನು ನೋಡಲಿಲ್ಲ. ತೋರಿಸುತ್ತೇನೆ ಎಂದು ಹೇಳಿದವಳು ನಾನು. ತೋರಿಸಲಿಲ್ಲ.